ಹೆನ್ರಿಯೆಟ್ಟಾ ಲ್ಯಾಕ್ಸ್: ಹೇಳದೆ ಉಳಿದ ನೋವು

ಜೀವಶಾಸ್ತ್ರದ ತರಗತಿಯಲ್ಲಿ ಮೇಡಂ ಒಂದು ದಿನ ಹೇಲಾ ಜೀವಕೋಶಗಳ ಬಗ್ಗೆ ಹೇಳಿದರು. ಅದು ಯಾವುದೋ ರಾಸಾಯನಿಕದ ಹೆಸರಿರಬೇಕು ಎಂದುಕೊಂಡು ನೋಟ್ಸ್‌ನಲ್ಲಿ ಬರೆದುಕೊಂಡೆ. ಅದು ಐದು ಮಕ್ಕಳ ತಾಯಿಯೊಬ್ಬರ ಹೆಸರಿನ ಮೊದಲ ಅಕ್ಷರಗಳು ಎಂದು ತಿಳಿದದ್ದು ಆಮೇಲೆ. ಅವರ ಜೀವನವನ್ನು ಹುಡುಕಿ ಓದಿದೆ.

ಹೆನ್ರಿಯೆಟ್ಟಾ ಲ್ಯಾಕ್ಸ್ 1920ರ ಆಗಸ್ಟ್ 1ರಂದು ಅಮೆರಿಕದ ವರ್ಜೀನಿಯಾದ ರೊನೊಕ್‌ನಲ್ಲಿ ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿದರು. ನಾಲ್ಕು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಕ್ಲೋವರ್ ಎಂಬ ಹಳ್ಳಿಯಲ್ಲಿ ಅಜ್ಜ ಸಾಕಿದರು. ಅಲ್ಲಿ ತಂಬಾಕಿನ ಹೊಲದಲ್ಲಿ ದುಡಿದು ಬೆಳೆದರು. 1941ರಲ್ಲಿ ಡೇವಿಡ್ ಲ್ಯಾಕ್ಸ್ ಅವರನ್ನು ಮದುವೆಯಾಗಿ, ಬಾಲ್ಟಿಮೋರ್ ಬಳಿಯ ಟರ್ನರ್ ಸ್ಟೇಷನ್‌ಗೆ ಬಂದು ನೆಲೆಸಿದರು.

ಕೊನೆಯ ಮಗು ಹುಟ್ಟುವ ಮೊದಲೇ ಹೊಟ್ಟೆಯೊಳಗೆ ಏನೋ ಗಂಟಿದ್ದಂತೆ ಅವರಿಗೆ ಅನಿಸುತ್ತಿತ್ತು. ಹತ್ತಿರದ ಒಂದಿಬ್ಬರು ಹೆಂಗಸರಿಗೆ ಮಾತ್ರ ಹೇಳಿಕೊಂಡರು. ಹೆರಿಗೆಯಾದ ಮೇಲೆ, ಮುಟ್ಟಿನ ದಿನಗಳಲ್ಲದಿದ್ದರೂ ರಕ್ತ ಕಾಣಿಸಿತು. 1951ರ ಜನವರಿಯಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಾಗ ಗರ್ಭಕಂಠದ ಕ್ಯಾನ್ಸರ್ ಎಂದು ಗೊತ್ತಾಯಿತು. ರೇಡಿಯಂ ಚಿಕಿತ್ಸೆ ಕೊಟ್ಟರೂ ರೋಗ ದೇಹವಿಡೀ ಹರಡಿತು. ಅದೇ ವರ್ಷ ಅಕ್ಟೋಬರ್ 4ರಂದು, 31ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಚಿಕಿತ್ಸೆಯ ವೇಳೆ ಅವರ ಗಡ್ಡೆಯ ಒಂದು ಚೂರನ್ನು, ಅವರ ಒಪ್ಪಿಗೆ ಕೇಳದೆಯೇ, ಪ್ರಯೋಗಾಲಯಕ್ಕೆ ಕಳಿಸಲಾಗಿತ್ತು. ಬೇರೆಯವರ ಜೀವಕೋಶಗಳು ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು. ಇವರದು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಾ ಹೋದವು. ಪೋಲಿಯೊ ಲಸಿಕೆಯ ಪರೀಕ್ಷೆಗೆ ಅವೇ ನೆರವಾದವು. ಇದೆಲ್ಲ ಅವರ ಮನೆಯವರಿಗೆ ತಿಳಿದದ್ದು ಇಪ್ಪತ್ತು ವರ್ಷ ಕಳೆದ ಮೇಲೆ. 1980ರ ದಶಕದಲ್ಲಿ ಹರಾಲ್ಡ್ ಜುರ್ ಹೌಸೆನ್ ಅವರ ತಂಡ ಅದೇ ಜೀವಕೋಶಗಳಲ್ಲಿ ಎಚ್‌ಪಿವಿ 18 ಎಂಬ ವೈರಸ್ಸಿನ ಗುರುತು ಕಂಡಿತು. ಈ ಕ್ಯಾನ್ಸರಿಗೆ ಎಚ್‌ಪಿವಿ ಕಾರಣವೆಂದು ತೋರಿಸಿದ್ದಕ್ಕೆ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಇಂದು ಅದನ್ನು ತಡೆಯುವ ಲಸಿಕೆಯೂ ಇದೆ. 9ರಿಂದ 14 ವಯಸ್ಸಿನ ಹುಡುಗಿಯರಿಗೆ ಕೊಟ್ಟರೆ ಒಳ್ಳೆಯ ರಕ್ಷಣೆ ಸಿಗುತ್ತದೆ.

ಓದಿದ್ದನ್ನು ರಾತ್ರಿ ಅಮ್ಮಿಗೆ ಹೇಳುತ್ತಿದ್ದೆ. ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತ ಮೇಲೂ ರಕ್ತ, ದಾಂಪತ್ಯ ಸಂಪರ್ಕದ ನಂತರ ರಕ್ತ, ವಾಸನೆಯ ಬಿಳಿಸೆರಗು, ಕಿಬ್ಬೊಟ್ಟೆಯಲ್ಲೋ ಸೊಂಟದಲ್ಲೋ ಬಿಡದ ನೋವು, ಇವು ಎಚ್ಚರಿಕೆಯ ಲಕ್ಷಣಗಳು ಎಂದೆ. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ನಾನಿಯ ಕೈ ನಿಂತಿತು. ಮುಟ್ಟು ನಿಂತು ಹತ್ತು ವರ್ಷವಾದರೂ ಎರಡು ತಿಂಗಳಿಂದ ಆಗಾಗ ರಕ್ತ ಕಾಣಿಸುತ್ತಿದೆ ಎಂದು ಆಗ ಬಾಯಿಬಿಟ್ಟರು. ಉಷ್ಣ ಇರಬೇಕು, ಈ ವಯಸ್ಸಿನಲ್ಲಿ ಯಾರಿಗೆ ಹೇಳುವುದು ಎಂದು ಸುಮ್ಮನಿದ್ದರಂತೆ.

ಮರುದಿನವೇ ಅಮ್ಮಿ ಅವರನ್ನು ಲೇಡಿ ಡಾಕ್ಟರ್ ಬಳಿ ಕರೆದೊಯ್ದರು. ಪರೀಕ್ಷೆಯಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂತು, ಅಲ್ಹಮ್ದುಲಿಲ್ಲಾಹ್. ರಕ್ತ ಕಂಡರೆಲ್ಲ ಕ್ಯಾನ್ಸರ್ ಅಲ್ಲ, ಆದರೆ ತೋರಿಸದೆ ಅದು ತಿಳಿಯುವುದಿಲ್ಲ ಎಂದು ಡಾಕ್ಟರ್ ಹೇಳಿ ಕಳಿಸಿದರು. ಶುರುವಿನಲ್ಲಿ ಈ ರೋಗಕ್ಕೆ ಲಕ್ಷಣವೇ ಇರುವುದಿಲ್ಲ. ಅದಕ್ಕೇ 30 ದಾಟಿದ ಅಮ್ಮಿಯೂ ಅಂದೇ ತಪಾಸಣೆ ಮಾಡಿಸಿಕೊಂಡರು.

ಗೆಳತಿಯರೇ, ಹೆನ್ರಿಯೆಟ್ಟಾ ಕಾಲದಲ್ಲಿ ಲಸಿಕೆ ಇರಲಿಲ್ಲ, ನಮಗಿದೆ. ನಿಮ್ಮ ಮನೆಯಲ್ಲೂ ನಾಚಿಕೆಯಿಂದ ಸುಮ್ಮನಿರುವ ಒಬ್ಬರು ಇರಬಹುದು. ಇಂದು ರಾತ್ರಿ ಒಮ್ಮೆ ಕೇಳಿ ನೋಡಿ.