ಕುಂದಗೋಳದ ಕೆಸರಿನಿಂದ ವಾಟರ್‌ಲೂವರೆಗೆ

ನಮ್ಮ ಕುಂದಗೋಳ, ನವಲಗುಂದ ಕಡೆ ನಸುಕಿನಲ್ಲಿ ರಸ್ತೆಗೆ ಬಂದರೆ ಓಡುತ್ತಿರುವ ಹುಡುಗರು ಕಾಣುತ್ತಾರೆ. ಕೆಲವರು ಸೇನಾ ಭರ್ತಿಗೆ ತಯಾರಾಗುತ್ತಿದ್ದರೆ, ಕೆಲವರು ಪೊಲೀಸ್ ಹುದ್ದೆಗೆ. 1800ರ ಮಳೆಗಾಲದಲ್ಲಿ ಇದೇ ಎರೆ ನೆಲದ ಮೇಲೆ ಬೇರೊಂದು ಸೇನೆ ನಡೆದು ಬಂದಿತ್ತು. ಅದರ ನಾಯಕ 31 ವರ್ಷದ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿ ಜಗತ್ಪ್ರಸಿದ್ಧನಾದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಈತನೇ.

ವೆಲ್ಲೆಸ್ಲಿ ಹುಟ್ಟಿದ್ದು 1769ರಲ್ಲಿ, ಐರ್ಲೆಂಡಿನ ಶ್ರೀಮಂತ ಮನೆತನದಲ್ಲಿ. ನೆಪೋಲಿಯನ್ ಹುಟ್ಟಿದ್ದೂ ಅದೇ ವರ್ಷ. ಹುಡುಗ ಓದಿನಲ್ಲಿ ಹಿಂದೆ. ಇವನಿಂದ ಏನೂ ಆಗದು ಎಂಬ ಚಿಂತೆ ತಾಯಿಗೆ. ಅವನಿಗೆ ಪ್ರಿಯವಾಗಿದ್ದದ್ದು ಪಿಟೀಲು. ಮೆಚ್ಚಿದ ಹುಡುಗಿಯ ಮನೆಯವರು ಇವನಿಗೆ ಭವಿಷ್ಯವಿಲ್ಲವೆಂದು ಹೆಣ್ಣು ಕೊಡಲು ನಿರಾಕರಿಸಿದಾಗ ತನ್ನ ಪಿಟೀಲುಗಳನ್ನೇ ಸುಟ್ಟುಹಾಕಿ, ಮನಸ್ಸನ್ನೆಲ್ಲ ಸೈನ್ಯದ ಕೆಲಸಕ್ಕೆ ಕೊಟ್ಟ.

ಆದರೆ ಅವನು ಮೇಲೆ ಬಂದ ದಾರಿ ನಮ್ಮ ಹುಡುಗರದ್ದಲ್ಲ. ಆಗ ಬ್ರಿಟಿಷ್ ಪದಾತಿ ದಳದಲ್ಲಿ ಅಧಿಕಾರಿ ಹುದ್ದೆಗಳನ್ನು ದುಡ್ಡು ಕೊಟ್ಟು ಕೊಳ್ಳಬಹುದಿತ್ತು. ಹಾಗೆ ಕೊಳ್ಳುತ್ತಲೇ ವೆಲ್ಲೆಸ್ಲಿ 1793ರಲ್ಲಿ, 24ನೇ ವಯಸ್ಸಿಗೆ, 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಆದ. ಅವನು 1797ರಲ್ಲಿ ಭಾರತಕ್ಕೆ ಬಂದ. ಮರುವರ್ಷ ಅಣ್ಣ ರಿಚರ್ಡ್ ಇಲ್ಲಿಯ ಗವರ್ನರ್ ಜನರಲ್ ಆದ.

ಸಾಮಾನ್ಯ ಸೈನಿಕನ ಪಾಡು ಬೇರೆಯೇ ಆಗಿತ್ತು. ಬಡತನ, ಹಸಿವು ತಾಳಲಾರದೆ ಸೇರಿದವರೇ ಹೆಚ್ಚು. ದಿನಕ್ಕೆ ಒಂದು ಶಿಲಿಂಗ್ ಸಂಬಳ. ಅದರಲ್ಲೂ ಊಟ, ಬಟ್ಟೆಗೆಂದು ಕಡಿತ. 1806ರವರೆಗೆ ಒಮ್ಮೆ ಸೇರಿದರೆ ಸಾಮಾನ್ಯವಾಗಿ ಜೀವಮಾನವಿಡೀ ದುಡಿಯಬೇಕಿತ್ತು. ತಪ್ಪಿಗೆ ನೂರಾರು ಚಾವಟಿ ಏಟು. ದಳ ವಿದೇಶಕ್ಕೆ ಹೊರಟಾಗ ಕೆಲವೇ ಹೆಂಡಂದಿರಿಗೆ ಜೊತೆಗೆ ಹೋಗಲು ಅವಕಾಶ. ಯಾರು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಉಳಿದವರು ಬಂದರಿನಲ್ಲೇ ಅಳುತ್ತ ನಿಲ್ಲಬೇಕಿತ್ತು.

ದುಡ್ಡಿನಿಂದ ಹುದ್ದೆ ಸಿಕ್ಕಿತು, ವಿದ್ಯೆ ಸಿಗಲಿಲ್ಲ. ಅದನ್ನು ವೆಲ್ಲೆಸ್ಲಿ ಸೋತು ಕಲಿತ. 1794ರ ಚಳಿಗಾಲದಲ್ಲಿ ಯುರೋಪಿನಲ್ಲಿ ಅನ್ನ, ಬಟ್ಟೆ, ಔಷಧಿಯ ವ್ಯವಸ್ಥೆಯಿಲ್ಲದೆ ಸೈನ್ಯ ಹೇಗೆ ಕರಗುತ್ತದೆಂದು ಕಣ್ಣಾರೆ ಕಂಡ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನ್‌ಪೇಟೆಯ ತೋಪಿಗೆ ರಾತ್ರಿ ನುಗ್ಗಿ, ಕತ್ತಲಲ್ಲಿ ದಾರಿ ತಪ್ಪಿ ಮುಖಭಂಗ ಅನುಭವಿಸಿದ. ಹಗಲಿನಲ್ಲಿ ನೋಡದ ಜಾಗದ ಮೇಲೆ ರಾತ್ರಿ ದಾಳಿ ಮಾಡಬಾರದೆಂದು ಅಂದೇ ನಿಶ್ಚಯಿಸಿದ.

ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದವರಲ್ಲಿ ಚನ್ನಗಿರಿಯ ಧೋಂಡಿಯಾ ವಾಘ್ ಒಬ್ಬ. ಕೆಲವರಿಗೆ ಅವನು ಲೂಟಿಗಾರ, ಕೆಲವರಿಗೆ ಬ್ರಿಟಿಷರ ವಿರುದ್ಧ ಸಿಡಿದೆದ್ದ ವೀರ. ಸಾವಿರಾರು ಕುದುರೆ ಸವಾರರನ್ನು ಕೂಡಿಸಿ ಧಾರವಾಡ ಸೀಮೆಯಲ್ಲೆಲ್ಲ ಸಂಚರಿಸುತ್ತಿದ್ದ. ಅವನ ಬೆನ್ನು ಹತ್ತಿದ ವೆಲ್ಲೆಸ್ಲಿ ತುಂಗಭದ್ರೆ ದಾಟಿ ಸವಣೂರಿಗೆ ಬಂದ. ಜುಲೈನಲ್ಲಿ ಕುಂದಗೋಳದ ಕೋಟೆಗೆ ಏಣಿ ಹಾಕಿಸಿ ಗೆದ್ದ. ಆಮೇಲೆ ಡಂಬಳ, ಗದಗ.

ಮಳೆಗಾಲದ ಎರೆ ಹೊಲ ಹೇಗಿರುತ್ತದೆಂದು ನಮಗೆ ಹೇಳಬೇಕಾಗಿಲ್ಲ. ಕಾಲಿಟ್ಟರೆ ಮೊಣಕಾಲು ಹೂಳುತ್ತದೆ, ಚಕ್ಕಡಿ ಅಲ್ಲೇ ನಿಲ್ಲುತ್ತದೆ. ಇಂಥ ನೆಲದಲ್ಲಿ ತೋಪು ಎಳೆಯಲು ಅವನಿಗೆ ನೆರವಾದದ್ದು ಮೈಸೂರಿನ ಅಮೃತಮಹಲ್ ಎತ್ತುಗಳು. ಎತ್ತಿನ ಮೇಲೆ ದವಸ ಹೇರಿಕೊಂಡು ಸೈನ್ಯದ ಜೊತೆ ನಡೆದವರು ಬಂಜಾರರು, ಅಂದರೆ ನಮ್ಮ ಲಂಬಾಣಿಗರು. ತುಂಬಿ ಹರಿಯುವ ಮಲಪ್ರಭೆ ದಾಟಲು ಹರಿಗೋಲು. ಅಕ್ಕಿ ಎಷ್ಟಿದೆ, ಎತ್ತು ಎಷ್ಟಿವೆ ಎಂಬ ಲೆಕ್ಕ ಇಡದೆ ವೆಲ್ಲೆಸ್ಲಿ ಹೆಜ್ಜೆ ಎತ್ತುತ್ತಿರಲಿಲ್ಲ. 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯಲ್ಲಿ ಧೋಂಡಿಯಾ ಹತನಾದ. ಅವನ ಪುಟ್ಟ ಮಗ ಸಲಾಬತ್ ಖಾನ್ ಸಾಮಾನಿನ ಗಾಡಿಗಳ ನಡುವೆ ಸಿಕ್ಕ. ವೆಲ್ಲೆಸ್ಲಿ ಅವನನ್ನು ಸಾಕಿಸಿ, ಊರಿಗೆ ಮರಳುವಾಗ ಅವನ ಖರ್ಚಿಗೆಂದು ಹಣ ಇಟ್ಟು ಹೋದ.

ಇಲ್ಲಿ ಕಲಿತದ್ದು 1808ರಿಂದ 1814ರವರೆಗೆ ಪೋರ್ಚುಗಲ್, ಸ್ಪೇನ್ ಯುದ್ಧದಲ್ಲಿ ಕೆಲಸಕ್ಕೆ ಬಂತು. ಫ್ರೆಂಚ್ ಸೈನಿಕರು ಹಳ್ಳಿಗಳಿಂದ ಕಸಿದು ತಿನ್ನುತ್ತಿದ್ದರೆ, ವೆಲ್ಲೆಸ್ಲಿ ಆಹಾರಕ್ಕೆ ಬೆಲೆ ಕೊಡಬೇಕೆಂದು ಕಟ್ಟುನಿಟ್ಟು ಮಾಡಿದ. 1813ರಲ್ಲಿ ಭಾರವಾದ ಕಬ್ಬಿಣದ ಪಾತ್ರೆಗಳ ಬದಲು ಹಗುರ ತಗಡಿನ ಪಾತ್ರೆ ಕೊಡಿಸಿದ. ಪಾತ್ರೆ ಹೊರುತ್ತಿದ್ದ ಹೇಸರಗತ್ತೆಗಳ ಮೇಲೆ ಡೇರೆ ಹೇರಲಾಯಿತು. ಬಯಲಲ್ಲಿ ನೆನೆಯುತ್ತಿದ್ದ ಸೈನಿಕರಿಗೆ ತಲೆ ಮೇಲೊಂದು ಸೂರು ಸಿಕ್ಕಿತು. ಅಮೃತಮಹಲ್ ಎತ್ತುಗಳು ಇಲ್ಲಿಲ್ಲವಲ್ಲ ಎಂದು ಅವನು ಅಲ್ಲಿಯೂ ಪೇಚಾಡಿದನಂತೆ. 1815ರ ಜೂನ್ 18ರಂದು ವಾಟರ್‌ಲೂನಲ್ಲಿ ಗೆದ್ದ. 1828ರಲ್ಲಿ ಬ್ರಿಟನ್ನಿನ ಪ್ರಧಾನಿಯಾದ. 1852ರಲ್ಲಿ ತೀರಿಕೊಂಡ.

ಅವನು ನಮ್ಮ ನೆಲವನ್ನು ಪರರ ಆಳ್ವಿಕೆಗೆ ತಂದವರಲ್ಲಿ ಒಬ್ಬ. ಆ ಮಾತು ಮರೆಯುವಂತಿಲ್ಲ. ಅವನಿಗಿದ್ದ ಹಣವಾಗಲಿ, ಗವರ್ನರ್ ಜನರಲ್ ಅಣ್ಣನಾಗಲಿ ನಮಗಿಲ್ಲ. ಆದರೆ ಎಲ್ಲಿ ಎಡವಿದೆ ಎಂದು ಗುರುತಿಟ್ಟುಕೊಳ್ಳುವುದು, ಹೊರಡುವ ಮೊದಲು ಬುತ್ತಿಯ ಲೆಕ್ಕ ಹಾಕುವುದು ಯಾರ ಸ್ವತ್ತೂ ಅಲ್ಲ. ಒಮ್ಮೆ ಭರ್ತಿಯಲ್ಲಿ ಉಳಿದು, ಮತ್ತೆ ನಸುಕಿನಲ್ಲಿ ಓಡುತ್ತಿರುವ ಗೆಳೆಯರು ಇಷ್ಟನ್ನು ಅವನಿಂದ ತೆಗೆದುಕೊಳ್ಳಬಹುದು. ಜೊತೆಗೆ, ಆ ಗೆಲುವನ್ನು ಬೆನ್ನ ಮೇಲೆ ಹೊತ್ತ ನಮ್ಮ ಎತ್ತುಗಳನ್ನೂ ಇತಿಹಾಸ ಹೆಸರು ಬರೆದಿಡದ ಲಂಬಾಣಿ ಹಿರಿಯರನ್ನೂ ಒಮ್ಮೆ ನೆನೆಯಬಹುದು.