ರಿಚರ್ಡ್ ಹ್ಯಾಮಿಂಗ್

ರಿಚರ್ಡ್ ವೆಸ್ಲಿ ಹ್ಯಾಮಿಂಗ್ (ಫೆಬ್ರವರಿ 11, 1915 – ಜನವರಿ 7, 1998) ಅಮೆರಿಕದ ಪ್ರಸಿದ್ಧ ಗಣಿತಜ್ಞರು ಹಾಗೂ ಗಣಕ ವಿಜ್ಞಾನಿಗಳಲ್ಲಿ ಒಬ್ಬರು. ಸಂಗ್ರಹಿಸಿಟ್ಟ ಅಥವಾ ಒಂದೆಡೆಯಿಂದ ಇನ್ನೊಂದೆಡೆಗೆ ಕಳುಹಿಸಿದ ಮಾಹಿತಿಯಲ್ಲಿ ನುಸುಳುವ ತಪ್ಪನ್ನು ಯಂತ್ರವೇ ಕಂಡುಹಿಡಿದು ತಾನಾಗಿಯೇ ತಿದ್ದಿಕೊಳ್ಳುವ ವಿಧಾನವನ್ನು ಇವರು ರೂಪಿಸಿದರು. ಎರಡು ಅಕ್ಷರಸಾಲುಗಳು ಎಷ್ಟು ಸ್ಥಾನಗಳಲ್ಲಿ ಭಿನ್ನವಾಗಿವೆ ಎಂಬುದನ್ನು ಅಳೆಯುವ ಮಾನಕ್ಕೆ ಇವರ ಗೌರವಾರ್ಥ ‘ಹ್ಯಾಮಿಂಗ್ ದೂರ’ ಎಂಬ ಹೆಸರಿದೆ. 1968ರಲ್ಲಿ ಇವರಿಗೆ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಜನನ ಮತ್ತು ವಿದ್ಯಾಭ್ಯಾಸ

ಹ್ಯಾಮಿಂಗ್ ಅವರು ಇಲಿನಾಯ್ ರಾಜ್ಯದ ಷಿಕಾಗೊ ನಗರದಲ್ಲಿ ಜನಿಸಿದರು. ಎಂಜಿನಿಯರ್ ಆಗಬೇಕೆಂಬುದು ಅವರ ಆಸೆಯಾಗಿತ್ತು. ಆದರೆ ಅದು ಆರ್ಥಿಕ ಮಹಾಕುಸಿತದ ಕಾಲ. ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದದ್ದು ಷಿಕಾಗೊ ವಿಶ್ವವಿದ್ಯಾಲಯ ಮಾತ್ರ; ಅಲ್ಲಿ ಎಂಜಿನಿಯರಿಂಗ್ ವಿಭಾಗವೇ ಇರಲಿಲ್ಲ. ಹೀಗಾಗಿ ಅವರು ಗಣಿತವನ್ನು ಆರಿಸಿಕೊಂಡು 1937ರಲ್ಲಿ ಪದವಿ ಪಡೆದರು. ಎಂಜಿನಿಯರ್ ಆಗಿದ್ದರೆ ಸಂಶೋಧನೆಯ ಅವಕಾಶ ತಮಗೆ ಸಿಗುತ್ತಿರಲಿಲ್ಲವೆಂದು ಮುಂದೆ ಅವರು ಈ ತಿರುವನ್ನು ಅದೃಷ್ಟವೆಂದೇ ಭಾವಿಸಿದರು. 1939ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯನ್ನೂ, 1942ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿಯನ್ನೂ ಪಡೆದರು. ಅವಕಲ ಸಮೀಕರಣಗಳು ಅವರ ಪ್ರಬಂಧದ ವಿಷಯವಾಗಿದ್ದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಾಂಡಾ ಲಿಟ್ಲ್ ಅವರನ್ನು ವಿವಾಹವಾದರು. ಈ ದಾಂಪತ್ಯ ಹ್ಯಾಮಿಂಗ್ ಅವರ ಕೊನೆಯವರೆಗೂ ಉಳಿಯಿತು, ದಂಪತಿಗೆ ಮಕ್ಕಳಿರಲಿಲ್ಲ.

ಲಾಸ್ ಅಲಾಮೊಸ್

ಕೆಲಕಾಲ ಅಧ್ಯಾಪಕರಾಗಿದ್ದ ಹ್ಯಾಮಿಂಗ್ 1945ರ ಏಪ್ರಿಲ್‌ನಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ಲಾಸ್ ಅಲಾಮೊಸ್‌ಗೆ ತೆರಳಿ, ಪರಮಾಣು ಬಾಂಬ್ ತಯಾರಿಕೆಯ ಮ್ಯಾನ್‌ಹಟನ್ ಯೋಜನೆಯನ್ನು ಸೇರಿದರು. ಭೌತವಿಜ್ಞಾನಿಗಳು ಒದಗಿಸುತ್ತಿದ್ದ ಸಮೀಕರಣಗಳನ್ನು ಐಬಿಎಂ ಲೆಕ್ಕಯಂತ್ರಗಳ ನೆರವಿನಿಂದ ಬಿಡಿಸುವುದು ಅವರ ಹೊಣೆಯಾಗಿತ್ತು. ವಾಂಡಾ ಅವರೂ ಅಲ್ಲಿಯೇ ಲೆಕ್ಕ ಮಾಡುವ ಕೆಲಸಕ್ಕೆ ಸೇರಿದರು.

ಮೊದಲ ಪರೀಕ್ಷಾ ಸ್ಫೋಟಕ್ಕೆ ಮುನ್ನ ನಡೆದ ಒಂದು ಪ್ರಸಂಗವನ್ನು ಹ್ಯಾಮಿಂಗ್ ಮುಂದೆ ನೆನಪಿಸಿಕೊಂಡಿದ್ದಾರೆ. ಸಹೋದ್ಯೋಗಿಯೊಬ್ಬರು ಒಂದಿಷ್ಟು ಲೆಕ್ಕವನ್ನು ತಾಳೆ ನೋಡಿಕೊಡಲು ಕೇಳಿದರು. ಕೈಕೆಳಗಿನ ಯಾರಿಗಾದರೂ ಅದನ್ನು ಒಪ್ಪಿಸಬೇಕೆಂದಿದ್ದ ಹ್ಯಾಮಿಂಗ್, ಅದು ಯಾವುದರ ಲೆಕ್ಕವೆಂದು ವಿಚಾರಿಸಿದರು. ಪರೀಕ್ಷಾ ಬಾಂಬು ಭೂಮಿಯ ವಾಯುಮಂಡಲವನ್ನೇ ಹೊತ್ತಿಸಿಬಿಡುವ ಸಂಭವವೆಷ್ಟು ಎಂಬುದರ ಲೆಕ್ಕ ಅದಾಗಿತ್ತು. ಅವರು ತಾವೇ ಕುಳಿತು ಪರಿಶೀಲಿಸಿದರು. ಮರುದಿನ, ಅಂಕಗಣಿತದಲ್ಲಿ ತಪ್ಪು ಕಾಣುತ್ತಿಲ್ಲವೆಂದೂ, ಆದರೆ ಆಮ್ಲಜನಕ ಮತ್ತು ಸಾರಜನಕಕ್ಕೆ ಸಂಬಂಧಿಸಿದ ಸೂತ್ರಗಳು ಅಷ್ಟು ಹೆಚ್ಚಿನ ಶಕ್ತಿಯ ಮಟ್ಟದಲ್ಲಿ ಪ್ರಯೋಗದಿಂದ ದೃಢಪಟ್ಟವಲ್ಲವೆಂದೂ ತಿಳಿಸಿದರು. ಭೌತಶಾಸ್ತ್ರವನ್ನಲ್ಲ, ಅಂಕಗಣಿತವನ್ನು ನೋಡುವುದಷ್ಟೇ ಅವರ ಕೆಲಸವೆಂಬ ಉತ್ತರ ಬಂದಿತು. 1945ರ ಜುಲೈ 16ರಂದು ಪರೀಕ್ಷೆ ನಡೆಯಿತು. ವಾಯುಮಂಡಲಕ್ಕೆ ಏನೂ ಆಗಲಿಲ್ಲ. ಲೆಕ್ಕ ಸರಿಯಿದ್ದ ಮಾತ್ರಕ್ಕೆ ಉತ್ತರ ಸರಿಯೆಂದಲ್ಲ ಎಂಬ ಪಾಠ ಅವರ ಮನಸ್ಸಿನಲ್ಲಿ ನಿಂತಿತು.

ಬೆಲ್ ಪ್ರಯೋಗಾಲಯ

1946ರಲ್ಲಿ ಹ್ಯಾಮಿಂಗ್ ಅವರು ನ್ಯೂ ಜರ್ಸಿ ರಾಜ್ಯದ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಟೆಲಿಫೋನ್ ಪ್ರಯೋಗಾಲಯವನ್ನು ಸೇರಿದರು. ಮಾಹಿತಿ ಸಿದ್ಧಾಂತದ ಪಿತಾಮಹರೆನಿಸಿದ ಕ್ಲಾಡ್ ಷ್ಯಾನನ್ ಅವರೊಡನೆ ಕೆಲಕಾಲ ಒಂದೇ ಕೊಠಡಿಯಲ್ಲಿ ಕೆಲಸ ಮಾಡಿದರು.

ಆಗ ಅಲ್ಲಿ ಮಾಡೆಲ್ 5 ಎಂಬ ರಿಲೇ ಗಣಕವಿತ್ತು. ಅದಕ್ಕೆ ತನ್ನೊಳಗಿನ ತಪ್ಪನ್ನು ಗುರುತಿಸುವ ಶಕ್ತಿಯಿತ್ತು. ವಾರದ ದಿನಗಳಲ್ಲಿ ತಪ್ಪಾದಾಗ ಯಂತ್ರವು ನಿಂತು ಎಚ್ಚರಿಸುತ್ತಿತ್ತು. ನಿರ್ವಾಹಕರು ಬಂದು ಸರಿಪಡಿಸುತ್ತಿದ್ದರು. ವಾರಾಂತ್ಯದಲ್ಲಿ ನೋಡಿಕೊಳ್ಳುವವರಿಲ್ಲದ ಕಾರಣ, ತಪ್ಪು ಕಂಡೊಡನೆ ಆ ಕೆಲಸವನ್ನು ಅರ್ಧಕ್ಕೆ ಕೈಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಹ್ಯಾಮಿಂಗ್ ಅವರಿಗೆ ಯಂತ್ರ ಸಿಗುತ್ತಿದ್ದುದು ವಾರಾಂತ್ಯದಲ್ಲಿ. ಸತತ ಎರಡು ವಾರ ಸೋಮವಾರದಂದು ಬಂದು ನೋಡಿದಾಗ ಅವರ ಕೆಲಸ ಅರ್ಧಕ್ಕೇ ನಿಂತಿತ್ತು. ತಪ್ಪಾಗಿದೆಯೆಂದು ಯಂತ್ರಕ್ಕೆ ತಿಳಿಯುವುದಾದರೆ, ಎಲ್ಲಿ ತಪ್ಪಾಗಿದೆಯೆಂದು ತಿಳಿದು ತಾನೇ ಏಕೆ ತಿದ್ದಿಕೊಳ್ಳಬಾರದು ಎಂಬ ಪ್ರಶ್ನೆ ಅವರಲ್ಲಿ ಹುಟ್ಟಿದ್ದು ಹೀಗೆ.

ಹ್ಯಾಮಿಂಗ್ ಸಂಕೇತ

ಒಂದೇ ಮಾಹಿತಿಯನ್ನು ಮೂರು ಬಾರಿ ಬರೆದು ಬಹುಮತದಿಂದ ತೀರ್ಮಾನಿಸಿದರೂ ತಪ್ಪನ್ನು ತಿದ್ದಬಹುದು. ಆದರೆ ಅದಕ್ಕೆ ಮೂರು ಪಟ್ಟು ಜಾಗ ಬೇಕು. ಹ್ಯಾಮಿಂಗ್ ಕಡಿಮೆ ವೆಚ್ಚದ ದಾರಿಯನ್ನು ಕಂಡುಕೊಂಡರು. ಅವರ ಪ್ರಸಿದ್ಧ ಸಂಕೇತದಲ್ಲಿ 4 ಮಾಹಿತಿ ಬಿಟ್‌ಗಳಿಗೆ 3 ಪರಿಶೀಲನಾ ಬಿಟ್‌ಗಳು ಸೇರಿ ಒಟ್ಟು 7 ಸ್ಥಾನಗಳಾಗುತ್ತವೆ. ಪರಿಶೀಲನಾ ಬಿಟ್‌ಗಳು 1, 2 ಮತ್ತು 4ನೆಯ ಸ್ಥಾನಗಳಲ್ಲಿರುತ್ತವೆ. ಮೊದಲನೆಯದು 1, 3, 5, 7ನೆಯ ಸ್ಥಾನಗಳನ್ನೂ, ಎರಡನೆಯದು 2, 3, 6, 7ನೆಯ ಸ್ಥಾನಗಳನ್ನೂ, ಮೂರನೆಯದು 4, 5, 6, 7ನೆಯ ಸ್ಥಾನಗಳನ್ನೂ ಕಾಯುತ್ತದೆ. ಪ್ರತಿಯೊಂದು ಗುಂಪಿನಲ್ಲಿಯೂ ‘1’ಗಳ ಸಂಖ್ಯೆ ಸಮಸಂಖ್ಯೆಯಾಗಿರಬೇಕೆಂಬುದು ನಿಯಮ.

ಉದಾಹರಣೆಗೆ 1011 ಎಂಬ ಮಾಹಿತಿಯು ಈ ನಿಯಮದಂತೆ 0110011 ಆಗುತ್ತದೆ. ದಾರಿಯಲ್ಲಿ 6ನೆಯ ಬಿಟ್ ಕೆಟ್ಟು 0110001 ಎಂದು ತಲುಪಿತೆನ್ನೋಣ. ಮೊದಲ ಗುಂಪು ಸರಿಯಾಗಿಯೇ ಇರುತ್ತದೆ. ಎರಡನೆಯ ಮತ್ತು ಮೂರನೆಯ ಗುಂಪುಗಳು ತಪ್ಪುತ್ತವೆ. ತಪ್ಪಿದ ಗುಂಪುಗಳ ಪರಿಶೀಲನಾ ಸ್ಥಾನಗಳಾದ 2 ಮತ್ತು 4ನ್ನು ಕೂಡಿದರೆ 6 ಬರುತ್ತದೆ. ಕೆಟ್ಟದ್ದು ಅದೇ ಸ್ಥಾನ. ಅಲ್ಲಿನ 0ಯನ್ನು 1 ಮಾಡಿದರೆ ಮೂಲ ಮಾಹಿತಿ ಮರಳಿ ದೊರೆಯುತ್ತದೆ. ಮಾಹಿತಿ ದೊಡ್ಡದಾದಂತೆ ವೆಚ್ಚ ಇನ್ನೂ ಇಳಿಯುತ್ತದೆ: 11 ಮಾಹಿತಿ ಬಿಟ್‌ಗಳಿಗೆ 4 ಪರಿಶೀಲನಾ ಬಿಟ್‌ಗಳೂ, 57ಕ್ಕೆ 6 ಬಿಟ್‌ಗಳೂ ಸಾಕು.

1948ರ ತಮ್ಮ ಚಾರಿತ್ರಿಕ ಲೇಖನದಲ್ಲಿ ಷ್ಯಾನನ್ ಈ ಸಂಕೇತವನ್ನು ಹ್ಯಾಮಿಂಗ್ ಅವರ ಹೆಸರಿನೊಂದಿಗೆ ಉಲ್ಲೇಖಿಸಿದರು. ಪೇಟೆಂಟ್ ಕಾರಣದಿಂದ ತಡವಾಗಿ, ಹ್ಯಾಮಿಂಗ್ ಅವರದೇ ಲೇಖನವು 1950ರ ಏಪ್ರಿಲ್‌ನಲ್ಲಿ ‘ಬೆಲ್ ಸಿಸ್ಟಂ ಟೆಕ್ನಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ಸಂಕೇತ ಸಿದ್ಧಾಂತವೆಂಬ ಶಾಸ್ತ್ರಶಾಖೆಗೆ ಅದು ತಳಹದಿಯಾಯಿತು. ಇಂದಿಗೂ ಸರ್ವರ್ ಗಣಕಗಳ ಸ್ಮೃತಿಕೋಶಗಳಲ್ಲಿ 64 ಮಾಹಿತಿ ಬಿಟ್‌ಗಳಿಗೆ 8 ಪರಿಶೀಲನಾ ಬಿಟ್‌ಗಳನ್ನು ಸೇರಿಸುವ ವಿಧಾನವು ಇದೇ ತತ್ತ್ವವನ್ನು ಅನುಸರಿಸುತ್ತದೆ.

ಹ್ಯಾಮಿಂಗ್ ದೂರ ಮತ್ತು ಕಡತಗಳ ಹೋಲಿಕೆ

ಅದೇ ಲೇಖನದಲ್ಲಿ ಅವರು ಎರಡು ಸಂಕೇತಪದಗಳ ನಡುವಿನ ದೂರವೆಂಬ ಪರಿಕಲ್ಪನೆಯನ್ನು ಮಂಡಿಸಿದರು. ಸಮಾನ ಉದ್ದದ ಎರಡು ಸಾಲುಗಳು ಎಷ್ಟು ಸ್ಥಾನಗಳಲ್ಲಿ ಭಿನ್ನವಾಗಿವೆಯೋ ಅಷ್ಟು ಅವುಗಳ ದೂರ. ‘ಕಮಲ’ ಮತ್ತು ‘ಕನಕ’ ಪದಗಳು ಎರಡು ಅಕ್ಷರಗಳಲ್ಲಿ ಬೇರೆಯಾಗಿರುವುದರಿಂದ ಅವುಗಳ ದೂರ 2. ಯಾವುದೇ ಎರಡು ಸಂಕೇತಪದಗಳ ನಡುವೆ ಕನಿಷ್ಠ 3ರಷ್ಟು ದೂರವಿದ್ದರೆ ಒಂದು ತಪ್ಪನ್ನು ತಿದ್ದಬಹುದು. 4ರಷ್ಟಿದ್ದರೆ ಒಂದನ್ನು ತಿದ್ದಿ, ಎರಡು ತಪ್ಪುಗಳಾಗಿದ್ದರೆ ಗುರುತಿಸಲೂಬಹುದು.

ಎರಡು ಕಡತಗಳ ನಡುವಣ ವ್ಯತ್ಯಾಸವನ್ನು ತೋರಿಸುವ ಆದೇಶಸಾಲಿನ ಉಪಕರಣಗಳನ್ನು ಅರಿಯಲು ಈ ಪರಿಕಲ್ಪನೆ ನೆರವಾಗುತ್ತದೆ. ಯೂನಿಕ್ಸ್ ವ್ಯವಸ್ಥೆಯ ‘ಸಿಎಂಪಿ’ ಎಂಬ ಆದೇಶವು ಕಡತಗಳನ್ನು ಬೈಟ್‌ನಿಂದ ಬೈಟ್‌ಗೆ, ಸ್ಥಾನಕ್ಕೆ ಸ್ಥಾನವಿಟ್ಟು ಹೋಲಿಸುತ್ತದೆ. ಇದು ಹ್ಯಾಮಿಂಗ್ ಅವರ ಅಳತೆಗೆ ಸಮೀಪವಾದದ್ದು. ಈ ರೀತಿಗೆ ಒಂದು ಮಿತಿಯಿದೆ. ಕಡತದ ಆರಂಭದಲ್ಲಿ ಒಂದೇ ಒಂದು ಅಕ್ಷರ ಹೆಚ್ಚಾಗಿ ಸೇರಿದರೂ ಮುಂದಿನದೆಲ್ಲ ಒಂದು ಸ್ಥಾನ ಸರಿದು, ಬದಲಾಗದ ಭಾಗವೂ ಬದಲಾದಂತೆ ತೋರುತ್ತದೆ. ಸೇರ್ಪಡೆ ಮತ್ತು ಅಳಿಸುವಿಕೆಗಳನ್ನೂ ಗಣಿಸುವ ಅಳತೆಯನ್ನು ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್ 1965ರಲ್ಲಿ ಪ್ರಕಟಿಸಿದರು. ಬೆಲ್ ಪ್ರಯೋಗಾಲಯದಲ್ಲೇ ಡಗ್ಲಾಸ್ ಮ್ಯಾಕ್‌ಇಲ್ರಾಯ್ 1970ರ ದಶಕದ ಆರಂಭದಲ್ಲಿ ‘ಡಿಫ್’ ಎಂಬ ಉಪಕರಣವನ್ನು ಸಿದ್ಧಪಡಿಸಿದರು. ಅದು ಎರಡೂ ಕಡತಗಳಲ್ಲಿ ಒಂದೇ ಕ್ರಮದಲ್ಲಿ ಬರುವ ಸಾಲುಗಳನ್ನು ಸಾಧ್ಯವಾದಷ್ಟು ಹೊಂದಿಸಿ, ಉಳಿದವನ್ನು ಮಾತ್ರ ವ್ಯತ್ಯಾಸವೆಂದು ತೋರಿಸುತ್ತದೆ. ಅದರ ವಿಧಾನವನ್ನು ಜೇಮ್ಸ್ ಹಂಟ್ ಮತ್ತು ಮ್ಯಾಕ್‌ಇಲ್ರಾಯ್ 1976ರಲ್ಲಿ ವಿವರಿಸಿದರು. ಹ್ಯಾಮಿಂಗ್ ಆ ಪ್ರಯೋಗಾಲಯದಿಂದ ನಿವೃತ್ತರಾದದ್ದೂ ಅದೇ ವರ್ಷ.

ಇತರ ಕಾರ್ಯಗಳು

1956ರಲ್ಲಿ ರೂತ್ ವೈಸ್ ಅವರೊಡಗೂಡಿ ಐಬಿಎಂ 650 ಗಣಕಕ್ಕಾಗಿ ‘ಎಲ್2’ ಎಂಬ ಕ್ರಮವಿಧಿ ಭಾಷೆಯನ್ನು ರೂಪಿಸಿದರು. ಸಂಕೇತ ಸಂಸ್ಕರಣೆಯಲ್ಲಿ ಬಳಕೆಯಾಗುವ ‘ಹ್ಯಾಮಿಂಗ್ ವಿಂಡೋ’ ಇವರ ಹೆಸರನ್ನು ಹೊತ್ತಿದೆ. ವಿಜ್ಞಾನಿಗಳಿಗೂ ಎಂಜಿನಿಯರುಗಳಿಗೂ ಸಾಂಖ್ಯಿಕ ವಿಧಾನಗಳನ್ನು ತಿಳಿಸುವ ಇವರ ಪಠ್ಯಪುಸ್ತಕ 1962ರಲ್ಲಿ ಪ್ರಕಟವಾಯಿತು. ಗಣನೆಯ ಗುರಿ ಬರಿಯ ಅಂಕಿಗಳಲ್ಲ, ಅವುಗಳಿಂದ ದೊರೆಯುವ ಒಳನೋಟ ಎಂಬುದು ಅವರ ನಿಲುವಾಗಿತ್ತು.

ನಿವೃತ್ತಿಯ ನಂತರ ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ವಿದ್ಯಾಸಂಸ್ಥೆಯಲ್ಲಿ ಬೋಧಕರಾದರು. 1986ರ ಮಾರ್ಚ್‌ನಲ್ಲಿ ಸಂಶೋಧಕರ ಜೀವನವನ್ನು ಕುರಿತು ಅವರು ನೀಡಿದ ಉಪನ್ಯಾಸ ಬಹು ಪ್ರಸಿದ್ಧವಾಗಿದೆ. ತಮ್ಮ ಕ್ಷೇತ್ರದ ಮುಖ್ಯ ಸಮಸ್ಯೆ ಯಾವುದೆಂದು ಸಂಶೋಧಕರು ತಮ್ಮನ್ನೇ ಕೇಳಿಕೊಳ್ಳಬೇಕೆಂದು ಅವರು ಅದರಲ್ಲಿ ಒತ್ತಿ ಹೇಳಿದರು. ಕೊಠಡಿಯ ಬಾಗಿಲು ಮುಚ್ಚಿ ದುಡಿಯುವವರು ಅಂದಿಗೆ ಹೆಚ್ಚು ಕೆಲಸ ಮಾಡಿದರೂ, ಕ್ರಮೇಣ ಯಾವ ಕೆಲಸ ಮಾಡತಕ್ಕದ್ದೆಂಬ ಅರಿವನ್ನು ಕಳೆದುಕೊಳ್ಳುತ್ತಾರೆಂಬುದು ಅವರು ಕಂಡ ಸಂಗತಿ.

ಗೌರವಗಳು ಮತ್ತು ನಿಧನ

1958ರಿಂದ 1960ರವರೆಗೆ ಅವರು ಅಸೋಸಿಯೇಷನ್ ಫಾರ್ ಕಂಪ್ಯೂಟಿಂಗ್ ಮಷಿನರಿ ಸಂಸ್ಥೆಯ ಅಧ್ಯಕ್ಷರಾಗಿದ್ದರು. 1980ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದರು. ಐಇಇಇ ಸಂಸ್ಥೆಯು ಅವರ ಹೆಸರಿನಲ್ಲಿ ಪದಕವೊಂದನ್ನು ಸ್ಥಾಪಿಸಿ, 1988ರಲ್ಲಿ ಮೊದಲ ಪದಕವನ್ನು ಅವರಿಗೇ ನೀಡಿತು. 1996ರಲ್ಲಿ ಜರ್ಮನಿಯ ಎಡುವಾರ್ಡ್ ರೈನ್ ಪ್ರಶಸ್ತಿ ಸಂದಿತು.

1997ರ ಡಿಸೆಂಬರ್‌ವರೆಗೂ ಹ್ಯಾಮಿಂಗ್ ಪಾಠ ಹೇಳಿದರು. ಕೆಲವೇ ವಾರಗಳ ನಂತರ, 1998ರ ಜನವರಿ 7ರಂದು ತಮ್ಮ 82ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಮಾಂಟೆರೆಯಲ್ಲಿ ನಿಧನ ಹೊಂದಿದರು.