ಡಾ. ಎಂ.ಕೆ. ವೈನು ಬಾಪು (1927–1982)

ಭಾರತದ ಆಧುನಿಕ ಖಗೋಳ ವಿಜ್ಞಾನಕ್ಕೆ ತಳಹದಿ ಹಾಕಿದವರಲ್ಲಿ ಡಾ. ವೈನು ಬಾಪು ಅವರು ಅಗ್ರಗಣ್ಯರು. ಯಡಿಯೂರು, ಜಯನಗರ ಬಡಾವಣೆಗಳಿಗೆ ಹೆಚ್ಚು ದೂರವಲ್ಲದ ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಸ್ಥಾಪಕ ನಿರ್ದೇಶಕರು ಇವರೇ.

ಬಾಲ್ಯ ಮತ್ತು ಶಿಕ್ಷಣ:
ಶ್ರೀಯುತರು 1927ರ ಆಗಸ್ಟ್ 10ರಂದು ಚೆನ್ನೈನಲ್ಲಿ ಜನಿಸಿದರು. ತಂದೆಯವರು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗಿಯಾಗಿದ್ದುದರಿಂದ ಬಾಲ್ಯದಲ್ಲಿಯೇ ದೂರದರ್ಶಕದ ಪರಿಚಯವಾಯಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, 1949ರಲ್ಲಿ, ಬಾರ್ಟ್ ಬಾಕ್ ಮತ್ತು ನ್ಯೂಕರ್ಕ್ ಅವರೊಡನೆ ಒಂದು ಧೂಮಕೇತುವನ್ನು ಗುರುತಿಸಿದರು. ಆಕಾಶದಲ್ಲಿನ ಚಿಕ್ಕ ಕಪ್ಪು ಮೋಡಗಳು ನಕ್ಷತ್ರಗಳ ಜನ್ಮಸ್ಥಾನವಾಗಿರಬಹುದೆಂದು 1947ರಲ್ಲಿ ಸೂಚಿಸಿದವರು ಇದೇ ಬಾಕ್ ಅವರು.

ಬೃಹತ್ ನಕ್ಷತ್ರಗಳ ಅಧ್ಯಯನ:
ಅನಿಲ ಮತ್ತು ಧೂಳಿನಿಂದ ಕೂಡಿದ ದಟ್ಟ ಮೋಡವು ಅತ್ಯಂತ ತಣ್ಣಗಿದ್ದು, ತನ್ನದೇ ಗುರುತ್ವಾಕರ್ಷಣೆಯಿಂದ ಕುಸಿದಾಗ ನಕ್ಷತ್ರವು ಜನಿಸುತ್ತದೆ. ಸೂರ್ಯನಿಗಿಂತ 8 ಪಟ್ಟಿಗೂ ಹೆಚ್ಚು ದ್ರವ್ಯರಾಶಿಯುಳ್ಳವುಗಳನ್ನು ಬೃಹತ್ ನಕ್ಷತ್ರಗಳೆಂದು ಕರೆಯಲಾಗುತ್ತದೆ. ಬೆಳೆಯುತ್ತಿರುವಾಗಲೇ ಇವುಗಳ ಪ್ರಖರ ಬೆಳಕು ಒಳಬರುವ ಅನಿಲವನ್ನು ಹೊರದೂಡಲು ತೊಡಗುತ್ತದೆ. ಆದರೆ ಸುತ್ತಲಿನ ತಟ್ಟೆಯಾಕಾರದ ಅನಿಲರಾಶಿಯ ಮೂಲಕ ದ್ರವ್ಯವು ಒಳಸೇರುವುದರಿಂದ ಬೆಳವಣಿಗೆ ಮುಂದುವರಿಯುತ್ತದೆ. ಸೂರ್ಯನ ಆಯುಸ್ಸು ಸುಮಾರು 1,000 ಕೋಟಿ ವರ್ಷಗಳಾದರೆ, ಅತಿ ಬೃಹತ್ ನಕ್ಷತ್ರಗಳದು ಕೆಲವೇ ದಶಲಕ್ಷ ವರ್ಷಗಳು. ಆದ್ದರಿಂದ ಅವು ಸಾಮಾನ್ಯವಾಗಿ ಹುಟ್ಟಿದ ಮೋಡದ ಸಮೀಪದಲ್ಲಿಯೇ ಅಂತ್ಯ ಕಾಣುತ್ತವೆ. ಹೊರಪದರವನ್ನು ಕಳೆದುಕೊಂಡ ಇಂತಹ ಕೊನೆಯ ಹಂತದ ವೋಲ್ಫ್-ರಾಯೆ ನಕ್ಷತ್ರಗಳು ಬಾಪು ಅವರ ಆಸಕ್ತಿಯ ವಿಷಯವಾಗಿದ್ದವು. ನಕ್ಷತ್ರಗಳ ದೂರವನ್ನು ಅಂದಾಜಿಸಲು ನೆರವಾಗುವ ವಿಲ್ಸನ್-ಬಾಪು ಪರಿಣಾಮವು 1957ರಲ್ಲಿ ಪ್ರಕಟವಾಯಿತು.

ಸಂಸ್ಥೆಗಳ ನಿರ್ಮಾಣ:
ವಿದೇಶದಲ್ಲಿ ಅವಕಾಶಗಳಿದ್ದರೂ ಸ್ವದೇಶಕ್ಕೆ ಮರಳಿದ ಶ್ರೀಯುತರು ನೈನಿತಾಲ್ ವೀಕ್ಷಣಾಲಯವನ್ನು ರೂಪಿಸಿ, 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅಲ್ಲಿ ಸೂರ್ಯನ ಅಧ್ಯಯನಕ್ಕೆ ಹೆಸರಿತ್ತು. ಮಂದ ನಕ್ಷತ್ರಗಳನ್ನು ನೋಡಲು ದೊಡ್ಡ ದೂರದರ್ಶಕವಿರಲಿಲ್ಲ. ದಕ್ಷಿಣದ ಆಕಾಶವೂ ಚೆನ್ನಾಗಿ ಕಾಣುವ ಸ್ಥಳವನ್ನು ಅರಸಿ, ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರನ್ನು ಆಯ್ಕೆ ಮಾಡಿದರು. ಅಲ್ಲಿ 1972ರಲ್ಲಿ 1 ಮೀಟರ್ ದೂರದರ್ಶಕವು ಕಾರ್ಯಾರಂಭ ಮಾಡಿತು. 1971ರಲ್ಲಿ ಸ್ವಾಯತ್ತವಾದ ಸಂಸ್ಥೆಯು ಅನಂತರ ಬೆಂಗಳೂರಿನಲ್ಲಿ ನೆಲೆಗೊಂಡಿತು.

ದೇಶದಲ್ಲಿಯೇ ದೊಡ್ಡ ದೂರದರ್ಶಕವನ್ನು ನಿರ್ಮಿಸಬೇಕೆಂಬುದು ಅವರ ಹಿರಿದಾದ ಆಕಾಂಕ್ಷೆಯಾಗಿತ್ತು. ಅದರ 2.34 ಮೀಟರ್ ವ್ಯಾಸದ ದರ್ಪಣವನ್ನು ಬೆಂಗಳೂರಿನಲ್ಲಿ ಉಜ್ಜಿ ನಯಗೊಳಿಸಲಾಯಿತು. ಕಾರ್ಯವು ಪೂರ್ಣಗೊಳ್ಳುವ ಮುನ್ನವೇ, ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿದ್ದಾಗ, 1982ರ ಆಗಸ್ಟ್ 19ರಂದು ಮ್ಯೂನಿಕ್ ನಗರದಲ್ಲಿ ಅವರು ನಿಧನರಾದರು. ಆಗ ಅವರಿಗೆ 55 ವರ್ಷ. 1986ರಲ್ಲಿ ಕಾವಲೂರಿನ ಆ ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ಅವರ ಹೆಸರನ್ನು ಇಡಲಾಯಿತು. ತಾವು ನಿರ್ಮಿಸಿದ ಸಾಧನದ ಮೂಲಕ ಆಕಾಶವನ್ನು ನೋಡುವ ಅವಕಾಶ ಅವರಿಗೆ ದೊರೆಯಲಿಲ್ಲ. ಅದು ಅವರ ನಂತರದ ಪೀಳಿಗೆಗೆ ದೊರೆಯಿತು.